ಮೈಸೂರಿನಿಂದ ದಾಂಡೇಲಿಗೆ: ಕಾಳಿ ದಂಡೆಯ ಕಾಡೂರಿನಲ್ಲಿ ನಾಲ್ಕು ದಿನ ಕಳೆಯುವ ಬಗೆ

ನಾಗರಹೊಳೆ, ಬಂಡೀಪುರ ನಮ್ಮ ಮನೆ ಹಿತ್ತಲಿನಲ್ಲೇ ಇದ್ದ ಹಾಗೆ ಇರುವಾಗ, ಐನೂರು ಕಿಲೋಮೀಟರ್ ಆಚೆಯ ಇನ್ನೊಂದು ಕಾಡಿಗೆ ಯಾಕೆ ಹೋಗಬೇಕು? ದಾಂಡೇಲಿಗೆ ಹೊರಡುತ್ತೇನೆ ಅಂದಾಗಲೆಲ್ಲ ಮೈಸೂರಿನ ನೆಂಟರು ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಎರಡೇ ಮಾತು: ಕಾಳಿ ನದಿ, ಮತ್ತು ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿ. ಕೊರೆಯುವ ಚಳಿಯಲ್ಲಿ ಜೀಪಿನಲ್ಲಿ ಕೂತು ಹುಲಿ ಕಂಡೀತೇ ಎಂದು ಕಣ್ಣು ಕೀಳುವ ಸುಖ ನಮಗೆ ಗೊತ್ತು. ಕಾಡಿನ ನಡುವೆ ತುಂಬಿ ಹರಿಯುವ ಹೊಳೆಯ ಮೇಲೆ ಸಾಗುವ ಸುಖ, ತಲೆಯ ಮೇಲೆ ರೆಕ್ಕೆ ಸದ್ದು ಕೇಳಿ ಮೇಲೆ ನೋಡುವ ಸುಖ ಬೇರೆ. ಅದಕ್ಕೆ ಉತ್ತರ ಕನ್ನಡಕ್ಕೇ ಹೋಗಬೇಕು.

ನಾನು ಹುಟ್ಟಿದ್ದು ಪಾಂಡವಪುರದ ಹತ್ತಿರ, ಈಗ ಇರುವುದು ಮೈಸೂರಿನಲ್ಲಿ. ಮೊದಲ ಸಲ ಹೋದಾಗ ಎರಡು ದಿನದಲ್ಲಿ ಹನ್ನೊಂದು ಜಾಗ ನೋಡುವ ಪಟ್ಟಿ ಬರೆದುಕೊಂಡು ಹೋಗಿದ್ದೆವು. ಹನ್ನೊಂದರಲ್ಲಿ ಒಂಬತ್ತಕ್ಕೆ ಹೋದೆವು. ಆದರೆ ಹಗಲೆಲ್ಲ ಕಳೆದದ್ದು ಕಾರಿನೊಳಗೆ. ಒಂದು ಮಂಗಟ್ಟೆಯೂ ಕಾಣಲಿಲ್ಲ. ಆಮೇಲೆ ಮೂರು ಸಲ ಹೋಗಿ ಬಂದ ಮೇಲೆ ತಿಳಿದದ್ದು ಇಷ್ಟು: ಆ ಊರಿನ ದಿನಚರಿಯನ್ನು ಗೊತ್ತು ಮಾಡುವುದು ಎರಡು ಸಂಗತಿ. ಒಂದು, ಬೆಳಗಿನ ಮೊದಲ ಎರಡು ಗಂಟೆ. ಇನ್ನೊಂದು, ಕಾಳಿಗೆ ಕಟ್ಟಿದ ಸೂಪಾ ಅಣೆಕಟ್ಟಿನಿಂದ ನೀರು ಬಿಡುವ ಹೊತ್ತು. ಇವೆರಡಕ್ಕೆ ನಮ್ಮ ದಿನವನ್ನು ಹೊಂದಿಸಿಕೊಂಡರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ. ಈ ಬರಹದ ಪ್ರತಿ ಹೆಜ್ಜೆಯೂ ಅದರ ಸುತ್ತಲೇ ಇದೆ.

ಮೊದಲು ಊರು ಎಂಥದ್ದು ತಿಳಿದುಕೊಳ್ಳಿ

ದಾಂಡೇಲಿ ರೆಸಾರ್ಟುಗಳಿಂದ ಹುಟ್ಟಿದ ಊರಲ್ಲ. ಅದು ಕಾಗದದ ಗಿರಣಿಯ ಊರು, ಮರದ ಡಿಪೋದ ಊರು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಶುರುವಾದ ಮೇಲೆ ಎಲ್ಲೆಲ್ಲಿಂದಲೋ ಜನ ದುಡಿಯಲು ಬಂದು ನೆಲೆಸಿದರು. ಹಾಗಾಗಿ ಸಂತೆಯಲ್ಲಿ ನಿಂತರೆ ಕನ್ನಡ, ಕೊಂಕಣಿ, ಮರಾಠಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಊರಿಗೆ ಹೆಸರು ಬಂದದ್ದು ದಾಂಡೇಲಪ್ಪ ಎಂಬ ದೈವದಿಂದ ಅನ್ನುತ್ತಾರೆ. ಮಿರಾಶಿ ಮನೆತನದ ಜಮೀನುದಾರರಲ್ಲಿ ಆಳಾಗಿದ್ದು ನಿಷ್ಠೆಗಾಗಿ ಪ್ರಾಣ ಬಿಟ್ಟವನು ಆತ ಎಂಬುದು ಊರವರು ಹೇಳುವ ಕತೆ.

ಸುತ್ತಲಿನ ಕಾಡಿಗೆ ಕಾನೂನಿನ ಕಾವಲು ಬಂದದ್ದು ಹಂತಹಂತವಾಗಿ. 1956ರಲ್ಲಿ ದಾಂಡೇಲಿ ವನ್ಯಧಾಮ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶ; 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂದು ಹೆಸರಾಯಿತು. ಇದರ ಜೊತೆಗೆ 2011ರಲ್ಲಿ ಮಂಗಟ್ಟೆ ಹಕ್ಕಿಗಳಿಗೆಂದೇ ಒಂದು ಸಂರಕ್ಷಣಾ ಮೀಸಲು ಪ್ರದೇಶವೂ ಘೋಷಣೆಯಾಗಿದೆ.

ಕಾಳಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿ ಎಂಬಲ್ಲಿ. 184 ಕಿಲೋಮೀಟರ್ ಹರಿದು ಕಾರವಾರದ ಬಳಿ ಕಡಲು ಸೇರುತ್ತದೆ. ಒಂದೇ ಜಿಲ್ಲೆಯಲ್ಲಿ ಹುಟ್ಟಿ ಅದೇ ಜಿಲ್ಲೆಯಲ್ಲಿ ಮುಗಿಯುವ ಹೊಳೆ. ಕಾವೇರಿಯನ್ನು ಕೊಡಗಿನಿಂದ ಬಂದು ತಮಿಳುನಾಡಿಗೆ ಹೋಗುವವಳು ಎಂದೇ ಕಂಡ ನಮಗೆ ಇದು ಹೊಸತು.

ಎಂದು ಹೋಗಬೇಕು

ಮಳೆಗಾಲ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿರು ಕಣ್ಣಿಗೆ ಹಬ್ಬ, ನಿಜ. ಆದರೆ ರಬ್ಬರ್ ದೋಣಿಯಲ್ಲಿ ಹೊಳೆ ಇಳಿಯುವ ರಾಫ್ಟಿಂಗ್ ಇರುವುದಿಲ್ಲ, ಕಾಡಿನ ಹಲವು ಹಾದಿಗಳು ಮುಚ್ಚಿರುತ್ತವೆ, ಇಂಬಳಗಳು ಕಾಲು ಬಿಡುವುದಿಲ್ಲ. ಮಳೆ ನೋಡಲೆಂದೇ ಹೋಗುವವರಿದ್ದರೆ ಅದು ಬೇರೆ ಪ್ರವಾಸ.

ನವೆಂಬರ್‌ನಿಂದ ಫೆಬ್ರವರಿ ಎಲ್ಲರಿಗೂ ಒಗ್ಗುವ ಕಾಲ. ಬೆಳಿಗ್ಗೆ ಚಳಿ, ಹೊಳೆಯಲ್ಲಿ ನೀರು, ಮಕ್ಕಳಿಗೂ ಹಿರಿಯರಿಗೂ ಹಿತ. ನನ್ನ ಆಯ್ಕೆ ಮಾತ್ರ ಮಾರ್ಚ್. ಮಧ್ಯಾಹ್ನ ಬಿಸಿಲು ಸುಡುತ್ತದೆ, ಆದರೆ ಅದು ಮಂಗಟ್ಟೆಗಳು ಗೂಡು ಮಾಡಿರುವ ಕಾಲ. ಅದನ್ನು ಒಮ್ಮೆ ನೋಡಿದವರಿಗೆ ಬಿಸಿಲು ಲೆಕ್ಕಕ್ಕೆ ಬರುವುದಿಲ್ಲ.

ದಸರಾ ರಜೆಯಲ್ಲಿ ಹೋಗುವ ಆಸೆ ನಮ್ಮ ಕಡೆಯವರಿಗೆ ಸಹಜ. ಆದರೆ ಆಗ ಮಳೆ ಪೂರ್ತಿ ಹಿಂದೆ ಸರಿದಿರುವುದಿಲ್ಲ, ಜನಸಂದಣಿಯಂತೂ ಹೇಳತೀರದು. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಗೋವಾ ನಾಲ್ಕೂ ಕಡೆಯಿಂದ ಕಾರುಗಳು ಬಂದು ಸೇರುವ ಶನಿವಾರ–ಭಾನುವಾರಗಳನ್ನೂ ಬಿಡಿ. ಭಾನುವಾರ ರಾತ್ರಿ ಮೈಸೂರು ಬಿಟ್ಟು ಗುರುವಾರ ರಾತ್ರಿ ಮರಳಿ ರೈಲು ಹತ್ತುವ ಲೆಕ್ಕ ಹಾಕಿಕೊಂಡರೆ ನದಿಯೂ ಕಾಡೂ ನಿಮ್ಮ ಪಾಲಿಗೆ ಸಿಗುತ್ತವೆ.

ಹೋಗುವ ದಾರಿ

ರೈಲೇ ವಾಸಿ. ಮೈಸೂರಿನಿಂದ ರಾತ್ರಿ ಹೊರಟು ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿ ಮೇಲೆ ಬೆಳಿಗ್ಗೆ ಧಾರವಾಡ ಮುಟ್ಟುವ ರೈಲಿದೆ. ಮಲಗಿ ಎದ್ದರೆ ಧಾರವಾಡ. ಮಂಡ್ಯದವರು ಸಂಜೆಯೇ ಮೈಸೂರಿಗೆ ಬಂದು ಹತ್ತುವುದು ಸಲೀಸು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ಗೆ ಮೊದಲು ಇದ್ದ 120 ದಿನದ ಲೆಕ್ಕ ಇಟ್ಟುಕೊಳ್ಳಬೇಡಿ. ಹೋಗುವ ಟಿಕೆಟ್ಟಿನ ಜೊತೆಗೇ ಬರುವ ಟಿಕೆಟ್ಟಿಗೂ ದಿನ ಗುರುತು ಹಾಕಿಕೊಳ್ಳಿ.

ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿ ಸುಮಾರು 55 ಕಿಲೋಮೀಟರ್. ವಾಯವ್ಯ ಸಾರಿಗೆಯ ಬಸ್ಸುಗಳಿವೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಇಲ್ಲಿಯೂ ನಡೆಯುತ್ತದೆ, ಗುರುತಿನ ಚೀಟಿ ಕೈಯಲ್ಲಿರಲಿ. ನಾವು ಮೂವರು ಹೆಂಗಸರು ಒಮ್ಮೆ ಮೈಸೂರಿನಿಂದ ಇಡೀ ದಾರಿಯನ್ನು ಬಸ್ಸಿನಲ್ಲೇ ಮುಗಿಸಿದ್ದೇವೆ. ಖರ್ಚು ಇಲ್ಲ, ಬೆನ್ನು ಮಾತ್ರ ಎರಡು ದಿನ ನೋಯುತ್ತಿತ್ತು.

ಕಾರಿನಲ್ಲಿ ಹೋಗುವವರಿಗೆ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಹುಳಿಯಾರು ದಾಟಿ ಹಿರಿಯೂರಿನಲ್ಲಿ ದೊಡ್ಡ ಹೆದ್ದಾರಿ ಸೇರುವ ದಾರಿ ಚೆನ್ನಾಗಿದೆ. ಅಲ್ಲಿಂದ ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ. ಊಟ ತಿಂಡಿ ಎಲ್ಲ ಸೇರಿ ಹತ್ತು ಗಂಟೆಯಾದರೂ ಹಿಡಿಯುತ್ತದೆ. ನಸುಕಿನಲ್ಲೇ ಬಿಟ್ಟು, ಹಳಿಯಾಳದಿಂದ ಮುಂದಿನ ಕಾಡುದಾರಿಯನ್ನು ಹಗಲಲ್ಲೇ ದಾಟಿ. ಪೆಟ್ರೋಲನ್ನು ಧಾರವಾಡದಲ್ಲೋ ಹಳಿಯಾಳದಲ್ಲೋ ತುಂಬಿಸಿಕೊಳ್ಳಿ.

ಧಾರವಾಡದಲ್ಲಿ ಇಳಿದ ಕೂಡಲೇ ಮಾತು ಬದಲಾಗುತ್ತದೆ. "ಎಲ್ಲಿಗೆ ಹೊಂಟೀರಿ ಅಕ್ಕಾರ? ಬರ್ರಿ, ಕುಂದರ್ರಿ" ಅನ್ನುವ ಕಂಡಕ್ಟರ್ ದನಿ ಕೇಳಿದಾಗ ನಮ್ಮ ಅತ್ತೆಗೆ ಮೊದಲ ಸಲ ಗದರಿದ ಹಾಗೆ ಅನ್ನಿಸಿತ್ತು. ವಾಪಸು ಬರುವಾಗ ಅವರೇ "ಹೂಂನ್ರಿ" ಅನ್ನುತ್ತಿದ್ದರು. ಅಲ್ಲಿ "ರೀ" ಹಚ್ಚಿ ಮಾತಾಡಿ. ನಮ್ಮ ಕಡೆ ಗುರುತಿಲ್ಲದವರನ್ನೂ ಸಲುಗೆಯಿಂದ "ಬಾ ಅಣ್ಣ" ಅನ್ನುವ ರೂಢಿ ಅಲ್ಲಿ ಒರಟಾಗಿ ಕೇಳುತ್ತದೆ.

ಎಲ್ಲಿ ಉಳಿಯಬೇಕು

ಇಲ್ಲಿ ಯೋಚಿಸಿ ಆರಿಸಬೇಕು, ಏಕೆಂದರೆ ಉಳಿಯುವ ಜಾಗವೇ ಅರ್ಧ ಪ್ರವಾಸ. "ದಾಂಡೇಲಿ" ಎಂದು ಹೆಸರು ಹಾಕಿಕೊಂಡ ತಂಗುದಾಣಗಳು ಮೂರು ದಿಕ್ಕಿನಲ್ಲಿ ಹರಡಿವೆ. ಒಂದು, ದಾಂಡೇಲಿ ಪಟ್ಟಣ ಮತ್ತು ಅದರ ಅಂಚು. ಎರಡು, ಕುಳಗಿಯ ಕಡೆ. ಅಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ಮೂರು, ಜೋಯಿಡಾ ರಸ್ತೆಯಲ್ಲಿ ಗಣೇಶಗುಡಿ. ಸೂಪಾ ಅಣೆಕಟ್ಟು, ರಾಫ್ಟಿಂಗ್ ಎರಡೂ ಇರುವುದು ಅಲ್ಲಿ. ಪಟ್ಟಣಕ್ಕೂ ಗಣೇಶಗುಡಿಗೂ ಇಪ್ಪತ್ತು–ಇಪ್ಪತ್ತೈದು ಕಿಲೋಮೀಟರ್ ಅಂತರ. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಗೆ ದಾಂಡೇಲಿಯಲ್ಲಿ ಕಾಳಿ ಅಡ್ವೆಂಚರ್ ಕ್ಯಾಂಪ್, ಗಣೇಶಗುಡಿಯಲ್ಲಿ ಓಲ್ಡ್ ಮ್ಯಾಗಜಿನ್ ಹೌಸ್ ಇವೆ. ಇವಲ್ಲದೆ ಜೋಯಿಡಾ ಸುತ್ತ ಹೋಂಸ್ಟೇಗಳು ಬೇಕಾದಷ್ಟು.

ನನ್ನ ಸಲಹೆ: ಒಂದು ರಾತ್ರಿ ಪಟ್ಟಣದ ಹತ್ತಿರ, ಎರಡು ರಾತ್ರಿ ಗಣೇಶಗುಡಿ ಕಡೆ. ಮೂರೂ ರಾತ್ರಿ ಒಂದೇ ಕಡೆ ಇದ್ದರೆ ಬೆಳಗಿನ ಹೊತ್ತು ರಸ್ತೆಯಲ್ಲೇ ಸೋರಿಹೋಗುತ್ತದೆ.

ಫೋನಿನಲ್ಲಿ ಬುಕ್ ಮಾಡುವಾಗ ಕೋಣೆಯ ಫೋಟೊ ಕೇಳುವುದಕ್ಕಿಂತ ಮೊದಲು ಇದನ್ನು ಕೇಳಿ: ರಾತ್ರಿ ಧ್ವನಿವರ್ಧಕ ಹಾಕುತ್ತೀರಾ? ಹೊಳೆಗೆ ಎಷ್ಟು ಹತ್ತಿರ? ಹಕ್ಕಿ ತೋರಿಸಬಲ್ಲ ಸ್ಥಳೀಯರು ಯಾರಾದರೂ ಇದ್ದಾರಾ? ಹೋಂಸ್ಟೇ ನೋಂದಣಿ ಆಗಿದೆಯಾ? ನಮ್ಮ ಮೊದಲ ಪ್ರವಾಸದಲ್ಲಿ ಉಳಿದ ಜಾಗದಲ್ಲಿ ರಾತ್ರಿ ಹನ್ನೊಂದೂವರೆವರೆಗೆ ಡಿಜೆ ಹಾಡು. ಕಾಡಿನ ರಾತ್ರಿ ಕೇಳಲೆಂದು ಐನೂರು ಕಿಲೋಮೀಟರ್ ಬಂದಿದ್ದ ನನಗೆ ಅಳು ಬರುವಷ್ಟು ಬೇಸರವಾಗಿತ್ತು. ಅಲ್ಲಿನ ಪ್ರಾಣಿ ಪಕ್ಷಿಗಳಿಗಂತೂ ಅದು ದಿನನಿತ್ಯದ ಪಾಡು. ಸದ್ದಿಲ್ಲದ ಜಾಗಕ್ಕೇ ದುಡ್ಡು ಕೊಡಿ. ಕೇಳುವವರು ಹೆಚ್ಚಾದರೆ ಅಂಥ ಜಾಗಗಳೂ ಹೆಚ್ಚುತ್ತವೆ.

ಚೀಲದಲ್ಲಿ ಏನಿರಬೇಕು

ಹಸಿರು, ಕಂದು, ಬೂದು ಬಣ್ಣದ ಪೂರ್ತಿ ತೋಳಿನ ಬಟ್ಟೆ. ನೀರಿಗಿಳಿಯಲು ಬೇಗ ಒಣಗುವ ಒಂದು ಜೊತೆ. ಜೀನ್ಸ್ ಬೇಡ, ನೆನೆದರೆ ಕಲ್ಲಿನ ಭಾರ. ಕಾಲಿಗೆ ಬಿಗಿಯಾಗಿ ಕೂರುವ ಪಟ್ಟಿ ಚಪ್ಪಲಿ, ಯಾಕೆಂದರೆ ಹವಾಯಿ ಚಪ್ಪಲಿ ಮೊದಲ ಸುಳಿಗೇ ಹೋಗುತ್ತದೆ. ಕನ್ನಡಕ ಹಾಕುವವರು ಅದನ್ನು ಕಟ್ಟಲು ಒಂದು ದಾರ. ದುರ್ಬೀನು ಇದ್ದರೆ ಖಂಡಿತ ಒಯ್ಯಿರಿ, ಇಲ್ಲದಿದ್ದರೆ ಯಾರ ಹತ್ತಿರವಾದರೂ ಎರವಲು ಕೇಳಿ. ಕ್ಯಾಮೆರಾಗಿಂತ ಅದೇ ಹೆಚ್ಚು ಉಪಯೋಗ. ಕೈಯಲ್ಲಿ ಸ್ವಲ್ಪ ನಗದು, ಫೋನಿನಲ್ಲಿ ಮೊದಲೇ ಇಳಿಸಿಕೊಂಡ ನಕ್ಷೆ, ಯಾಕೆಂದರೆ ಜೋಯಿಡಾ ಕಡೆ ನೆಟ್‌ವರ್ಕ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಡ್ರೋನ್ ತರಬೇಡಿ, ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ದಾರಿಗೆ ಕೋಡುಬಳೆ, ಚಕ್ಕುಲಿ ನಮ್ಮ ಮನೆಯ ರೂಢಿ. ಅದರ ಪ್ಲಾಸ್ಟಿಕ್ ಚೀಲ ಮಾತ್ರ ಮೈಸೂರಿಗೇ ವಾಪಸು ಬರಬೇಕು.

ಸೋಮವಾರ: ಸುಮ್ಮನೆ ಇರುವ ದಿನ

ಮಧ್ಯಾಹ್ನದ ಹೊತ್ತಿಗೆ ತಲುಪಿರುತ್ತೀರಿ. ಊಟ ಮಾಡಿ ಮಲಗಿ. ಸಂಜೆ ಎರಡು ಕೆಲಸ ಮಾತ್ರ: ಮರುದಿನ ಬೆಳಿಗ್ಗೆ ಹಕ್ಕಿ ತೋರಿಸುವವರನ್ನು ಗೊತ್ತು ಮಾಡುವುದು, ಮತ್ತು ಹೊಳೆಯನ್ನು ದಂಡೆಯಿಂದ ನೋಡುವುದು.

ದಂಡೆಯಿಂದ ಎಂದು ಒತ್ತಿ ಹೇಳುತ್ತಿದ್ದೇನೆ. ದಾಂಡೇಲಿ ಪಟ್ಟಣದ ಸುತ್ತಲಿನ ಕಾಳಿಯಲ್ಲಿ ಮೊಸಳೆಗಳಿವೆ, ಜೀವಗಳೂ ಹೋಗಿವೆ. ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಯನ್ನು ದೋಣಿಯಿಂದ ನೋಡಿ ಬೆರಗಾಗುತ್ತೇವಲ್ಲ, ಅದೇ ಜಾತಿ. ಅಲ್ಲಿ ಬಂಡೆ ಇದೆ, ಕಾಣುತ್ತದೆ; ಇಲ್ಲಿ ಮರದ ನೆರಳು ಬಿದ್ದ ಕಪ್ಪು ನೀರು, ಕಾಣುವುದಿಲ್ಲ. ಕಾಲು ಇಳಿಬಿಟ್ಟು ಕೂರುವುದು, ಮಕ್ಕಳನ್ನು ಅಂಚಿನಲ್ಲಿ ಆಡಲು ಬಿಡುವುದು, ಪಾತ್ರೆ ತೊಳೆಯುವುದು ಯಾವುದೂ ಬೇಡ. ಗೈಡ್ ಇಳಿಯಿರಿ ಎಂದು ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ನೀರಿಗಿಳಿಯಬೇಡಿ.

ಮಂಗಳವಾರ ಬೆಳಿಗ್ಗೆ: ಮಂಗಟ್ಟೆಗೆ ಕಾಯುವುದು

ಐದೂವರೆಗೆ ಏಳಿ. ಆರೂಕಾಲಕ್ಕೆಲ್ಲ ಜಾಗದಲ್ಲಿ ನಿಂತಿರಬೇಕು. ದಾಂಡೇಲಿಯಲ್ಲಿ ಅರಣ್ಯ ಇಲಾಖೆಯ ಮರದ ಡಿಪೋ ಹಕ್ಕಿ ನೋಡುವವರಿಗೆ ಹೆಸರಾದ ಜಾಗ. ಒಳಗೆ ಹೋಗಲು ಅನುಮತಿ ಬೇಕು, ನಿಮ್ಮ ಗೈಡ್ ಹಿಂದಿನ ದಿನವೇ ಕೇಳಿಟ್ಟಿರಲಿ. ಕಡಿದ ದಿಮ್ಮಿಗಳ ರಾಶಿ ಸಾಲುಸಾಲಾಗಿ ಬಿದ್ದಿರುವ ಬಯಲಿನ ಸುತ್ತ ಹಳೆಯ ಮರಗಳು ನಿಂತಿವೆ. ಬಯಲು ತೆರೆದಿರುವುದರಿಂದ ಹಾರುವ ಹಕ್ಕಿ ಕಣ್ಣಿಗೆ ಸಿಗುತ್ತದೆ. ದಟ್ಟ ಕಾಡಿನಲ್ಲಿ ಅದು ಸದ್ದಾಗಿ ಮಾತ್ರ ಸಿಗುತ್ತದೆ.

ಈ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಎಲ್ಲಕ್ಕಿಂತ ದೊಡ್ಡದು, ಹಳದಿ ಕೊಕ್ಕಿನ ಮೇಲೆ ಟೊಪ್ಪಿಗೆ ಇಟ್ಟ ಹಾಗೆ ಕಾಣುವ ದೊಡ್ಡ ಮಂಗಟ್ಟೆ. ಅದಕ್ಕಿಂತ ಸಣ್ಣದು, ಕಪ್ಪು ಬಿಳುಪಿನ ಮಲಬಾರ್ ಮಂಗಟ್ಟೆ. ದಾಂಡೇಲಿಯಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಇದೇ. ಉಳಿದೆರಡು ಬೂದು ಬಣ್ಣದವು. ಅವುಗಳಲ್ಲಿ ಒಂದನ್ನು ನಮ್ಮ ಮೈಸೂರಿನ ಸುತ್ತಲೂ ನೋಡಬಹುದು. ಹುಡುಕುವ ಸೂತ್ರ ಸುಲಭ: ಹಕ್ಕಿಯನ್ನು ಹುಡುಕಬೇಡಿ, ಹಣ್ಣು ಬಿಟ್ಟ ಮರವನ್ನು ಹುಡುಕಿ. ಅತ್ತಿ, ಆಲ, ಬಸರಿ, ಗೋಣಿ ಯಾವುದಾದರೂ ಹಣ್ಣಾಗಿದ್ದರೆ ಅದರ ಕೆಳಗೆ ದೂರದಲ್ಲಿ ಸುಮ್ಮನೆ ಕೂತರಾಯಿತು.

ಎರಡನೇ ಪ್ರವಾಸದ ಒಂದು ಬೆಳಗನ್ನು ಹೇಳಬೇಕು. ಮಾರ್ಚ್ ತಿಂಗಳು. ನಾನು, ಮಗಳು, ನಮ್ಮ ಭಾವ. ಮುಕ್ಕಾಲು ಗಂಟೆ ಏನೂ ಇಲ್ಲ. ಮಗಳು "ಹೋಗೋಣಾಮ್ಮ" ಅನ್ನಲು ಶುರುಮಾಡಿದ್ದಳು. ಆಗ ತಲೆಯ ಮೇಲೆ, ದೂರದಲ್ಲಿ ಉಗಿಬಂಡಿ ಹೊರಟ ಹಾಗೆ ಸದ್ದು: ಹುಸ್, ಹುಸ್, ಹುಸ್. ದೊಡ್ಡ ಮಂಗಟ್ಟೆಯ ರೆಕ್ಕೆ ಗಾಳಿಯನ್ನು ತಳ್ಳುವ ಸದ್ದದು. ಹಕ್ಕಿ ಬಂದು ಒಂದು ಹಳೆಯ ಮರದ ಕಾಂಡಕ್ಕೆ ಅಂಟಿಕೊಂಡಿತು. ಅಲ್ಲೊಂದು ಪೊಟರೆ, ಬಾಯಿ ಪೂರ್ತಿ ಮೆತ್ತಿ ಮುಚ್ಚಿ, ಬೆರಳಗಲದ ಸೀಳು ಮಾತ್ರ ಉಳಿದಿತ್ತು. ಆ ಸೀಳಿನಿಂದ ಒಳಗಿನ ಹೆಣ್ಣಿನ ಕೊಕ್ಕಿನ ತುದಿ ಹೊರಬಂತು. ಗಂಡು ಕತ್ತು ಕೊಂಕಿಸಿ, ಗಂಟಲಿನಿಂದ ಒಂದು ಹಣ್ಣನ್ನು ಕೊಕ್ಕಿನ ತುದಿಗೆ ತಂದು, ಒಳಗೆ ಇಟ್ಟಿತು. ಮತ್ತೊಂದು. ಮತ್ತೊಂದು. ಮಗಳು ಬೆರಳು ಮಡಿಸಿ ಎಣಿಸುತ್ತಿದ್ದಳು, ಇಪ್ಪತ್ತಮೂರಕ್ಕೆ ನಿಂತಿತು. ಹೆಣ್ಣು ಹೀಗೆ ಸುಮಾರು ಮೂರು ತಿಂಗಳು ಒಳಗೇ ಇರುತ್ತದೆ. ಮೊಟ್ಟೆಗೂ ಮರಿಗೂ ಅದೇ ಮನೆ. ಅಷ್ಟು ದಿನವೂ ಹೊರಗಿನ ಗಂಡು ತಂದು ಕೊಡದಿದ್ದರೆ ಒಳಗಿನವರಿಗೆ ಗತಿಯಿಲ್ಲ. ಆ ಗಂಡಿಗೆ ನಾವು ಅಡ್ಡ ಬಂದು ಅದು ಹೆದರಿ ದೂರ ಹೋದರೆ ಆ ಹೊತ್ತಿನ ಊಟ ತಪ್ಪುತ್ತದೆ.

ಆದ್ದರಿಂದ ಗೂಡಿನ ವಿಷಯದಲ್ಲಿ ಕಟ್ಟುನಿಟ್ಟು ಬೇಕು. ಗೈಡ್ ನಿಲ್ಲಿಸಿದ ಜಾಗದಿಂದ ಒಂದು ಹೆಜ್ಜೆಯೂ ಮುಂದೆ ಬೇಡ. ಫ್ಲ್ಯಾಶ್ ಬೇಡ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಬೇಡ. ಗೈಡೇ ಹಾಕಲು ಹೊರಟರೂ ಬೇಡವೆನ್ನಿ. ಗೂಡಿನ ಮರದ ಫೋಟೊವನ್ನು ಜಾಗದ ಗುರುತಿನ ಸಮೇತ ಎಲ್ಲಿಯೂ ಹಾಕಬೇಡಿ. ಕಾಲು ಗಂಟೆ ನೋಡಿ, ಹಿಂದೆ ಸರಿಯಿರಿ.

ಸಂಜೆ ಬೇಕೆನಿಸಿದರೆ ಅರಣ್ಯ ಇಲಾಖೆಯ ಸಫಾರಿ ಇದೆ. ಆದರೆ ಕಬಿನಿಯ ಹಿನ್ನೀರಿನಲ್ಲಿ ಕಂಡ ಹಾಗೆ ಆನೆ ಹಿಂಡು, ಕಾಟಿ ಹಿಂಡು ಇಲ್ಲಿ ಸಾಲಾಗಿ ನಿಂತಿರುವುದಿಲ್ಲ. ಕಾಡು ದಟ್ಟ, ಪ್ರಾಣಿಗಳು ನಾಚಿಕೆಯವು. ಕರಿಚಿರತೆಗೆ ಹೆಸರಾದ ಕಾಡು ಎಂದು ಓದಿ ಹೋದವರು ಅದು ಕಾಣುವ ಭರವಸೆ ಇಟ್ಟುಕೊಳ್ಳಬೇಡಿ. ಮರದಿಂದ ಮರಕ್ಕೆ ನೆಗೆಯುವ ದೊಡ್ಡ ಕೆಂಪು ಅಳಿಲು ಕಂಡೀತು. ನನಗೆ ಅಷ್ಟೇ ಸಾಕಾಗಿತ್ತು.

ಬುಧವಾರ: ಕಾಳಿಯ ಮೇಲೆ

ಸಫಾರಿಗೆ ಹೋಗದಿದ್ದರೆ ಮಂಗಳವಾರ ಸಂಜೆಯೇ, ಹೋದರೆ ಅದು ಮುಗಿದ ಕೂಡಲೇ ಗಣೇಶಗುಡಿಗೆ ಬಂದುಬಿಡಿ. ರಾಫ್ಟಿಂಗ್ ನಡೆಯುವುದು ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ.

ಮಂಡ್ಯ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. "ನಾಲೆಗೆ ನೀರು ಬಿಟ್ಟರಾ?" ಎಂದು ಕೇಳುತ್ತಲೇ ಬೆಳೆದವರು ನಾವು. ವಿ.ಸಿ. ನಾಲೆಯ ನೀರಿಗೆ ಭತ್ತದ ನಾಟಿ ಹೇಗೆ ಕಾಯುತ್ತದೋ ಹಾಗೆ ಇಲ್ಲಿ ರಾಫ್ಟುಗಳು ಸೂಪಾದ ನೀರಿಗೆ ಕಾಯುತ್ತವೆ. ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ ಟರ್ಬೈನು ತಿರುಗಿದಾಗ ನೀರು ಹೊಳೆಗೆ ಬರುತ್ತದೆ. ಆಗ ಬಂಡೆಗಳ ಮೇಲೆ ನೊರೆಯೆದ್ದು ರಾಫ್ಟು ಸಾಗುತ್ತದೆ. ಕರೆಂಟಿನ ಬೇಡಿಕೆಗೆ ತಕ್ಕಂತೆ ನೀರಿನ ಹೊತ್ತು ಬದಲಾಗುತ್ತದೆ. ಹಾಗಾಗಿ "ಹನ್ನೊಂದಕ್ಕೆ ಬುಕ್ ಆಗಿದೆ" ಎಂದು ಪಟ್ಟು ಹಿಡಿಯಬೇಡಿ. ಹಿಂದಿನ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ "ನೀರು ಎಷ್ಟೊತ್ತಿಗೆ ಬಿಡತಾರ್ರಿ?" ಎಂದು ಕೇಳಿ. ಬುಧವಾರ ನೀರು ಬಾರದಿದ್ದರೆ ಗುರುವಾರ ಬೆಳಗ್ಗೆಗೆ ಜಾಗ ಉಳಿಸಿಕೊಂಡಿರಿ.

ಇನ್ನೊಂದು ಲೆಕ್ಕ ನಮ್ಮವರಿಗೆ ಹಿಡಿಸುತ್ತದೆ. ಕೆಆರ್‌ಎಸ್ ತುಂಬಿದರೆ 49 ಟಿಎಂಸಿ ಚಿಲ್ಲರೆ. ಸೂಪಾ ತುಂಬಿದರೆ ಸುಮಾರು 145 ಟಿಎಂಸಿ, ಅಂದರೆ ಸರಿಸುಮಾರು ಮೂರು ಕನ್ನಂಬಾಡಿ. ಕಟ್ಟೆಯ ಎತ್ತರ 101 ಮೀಟರ್. ಆ ನೀರಿನಡಿಯಲ್ಲಿ ಸೂಪಾ ಎಂಬ ಊರಿದೆ. ಅದೇ ತಾಲ್ಲೂಕು ಕೇಂದ್ರವಾಗಿತ್ತು; ಅದು ಮುಳುಗಿದ ಮೇಲೆ ಕೇಂದ್ರ ಜೋಯಿಡಾಕ್ಕೆ ಬಂತು. ನಮ್ಮ ಹಳೆಯ ಕನ್ನಂಬಾಡಿಯೂ ಹೀಗೆಯೇ ನೀರಿನಡಿ ಹೋದದ್ದು, ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ದಂಡೆಯ ಮೇಲೆ ಮತ್ತೆ ಕಟ್ಟಿದ್ದು ನೆನಪಾಗುತ್ತದೆ. ಗಣೇಶಗುಡಿಯಲ್ಲಿ ಚಹಾ ಅಂಗಡಿಯ ಅಜ್ಜನೊಬ್ಬರ ಜೊತೆ ಈ ಮಾತು ತೆಗೆದಾಗ ಅವರು ಲೋಟ ಕೆಳಗಿಟ್ಟು, "ಹೌದ್ರಿ? ನಿಮ್ಮಲ್ಲೂ ಹಂಗ ಆಗೇತೇನ್ರಿ?" ಎಂದು ಕೇಳಿದ್ದರು. ಎರಡನೇ ಲೋಟಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ರಾಫ್ಟು. ಉದ್ದದ ಹಾದಿ ಒಂಬತ್ತು–ಹತ್ತು ಕಿಲೋಮೀಟರ್, ನೀರಿನ ರಭಸ ಎರಡು–ಮೂರನೇ ದರ್ಜೆಯದು. ಈಜು ಬಾರದವರೂ ಹೋಗಬಹುದಾದಷ್ಟು. ಇದಲ್ಲದೆ ಚಿಕ್ಕ ಹಾದಿಯನ್ನೂ ಮಾರುತ್ತಾರೆ, ಕೂತು ಏಳುವಷ್ಟರಲ್ಲಿ ಮುಗಿಯುತ್ತದೆ. ಯಾವುದು ಎಂದು ದುಡ್ಡು ಕೊಡುವ ಮೊದಲೇ ಬಾಯಿಬಿಟ್ಟು ಕೇಳಿ. ರಾಫ್ಟು ಹತ್ತುವ ಮುನ್ನ ಹೀಗೆ ಮಾಡಿ.

ಲೈಫ್ ಜಾಕೆಟ್ಟಿನ ಎಲ್ಲ ಪಟ್ಟಿ ಬಿಗಿದ ಮೇಲೆ, ಯಾರಾದರೂ ಹೆಗಲ ಬಳಿ ಹಿಡಿದು ಮೇಲಕ್ಕೆ ಎಳೆಯಲಿ. ಕಿವಿಯವರೆಗೆ ಏರಿದರೆ ಅದು ಸಡಿಲ, ಬೇರೆ ಕೇಳಿ. ಹೆಲ್ಮೆಟ್ಟಿನ ಕೊಂಡಿ ಗಲ್ಲದಡಿ ಕೂತಿರಬೇಕು. ಒಂದು ರಾಫ್ಟಿನಲ್ಲಿ ಸಾಮಾನ್ಯವಾಗಿ ಆರರಿಂದ ಎಂಟು ಜನ, ಜೊತೆಗೆ ಗೈಡ್. ಒಂದು ಸಲ ನಮ್ಮನ್ನು ಹನ್ನೆರಡು ಜನರ ಜೊತೆ ಒಂದೇ ರಾಫ್ಟಿನಲ್ಲಿ ತುರುಕಲು ನೋಡಿದರು. "ಏನಾಗಲ್ರಿ, ದಿನಾ ಹೋಗತೇವಿ" ಎಂದರು. ನಾನು ಮಗಳ ಕೈ ಹಿಡಿದು ಇಳಿದುಬಿಟ್ಟೆ. ದುಡ್ಡು ಪೂರ್ತಿ ವಾಪಸು ಬರಲಿಲ್ಲ, ಅದರ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ನೀವೂ ಇಳಿಯಿರಿ. ಜೊತೆಯವರು ಕುಡಿದಿದ್ದರೂ ಇಳಿಯಿರಿ.

ದಂಡೆಯ ಮೇಲೆ ಗೈಡ್ ಕಲಿಸುವ ಹತ್ತು ನಿಮಿಷದ ಪಾಠವನ್ನು ಕಿವಿಗೊಟ್ಟು ಕೇಳಿ: ಮುಂದಕ್ಕೆ, ಹಿಂದಕ್ಕೆ, ನಿಲ್ಲಿಸಿ, ಕೆಳಗೆ ಕೂರಿ. ಹುಟ್ಟಿನ ತುದಿಯ ಹಿಡಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯಬೇಕು. ಬಿಟ್ಟರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ನೀರಿಗೆ ಬಿದ್ದರೆ ನೆನಪಿರಬೇಕಾದದ್ದು ಒಂದೇ. ನಿಲ್ಲಲು ನೋಡಬೇಡಿ. ಬಂಡೆಗಳ ಸಂದಿಗೆ ಪಾದ ಸಿಕ್ಕಿಕೊಂಡರೆ ಮೊಣಕಾಲುದ್ದ ನೀರೂ ಮೈಮೇಲೆ ಬಂದು ಅದುಮುತ್ತದೆ. ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ಹೊಳೆ ಹೋಗುವ ಕಡೆಗೆ ತೇಲುತ್ತಾ ಹೋಗಿ. ಹಗ್ಗ ಬಿದ್ದರೆ ಅದನ್ನು ಎದೆಗೆ ಅಪ್ಪಿಕೊಳ್ಳಿ, ಕೈಗೆ ಸುತ್ತಿಕೊಳ್ಳಬೇಡಿ.

ಸುಳಿಗಳ ನಡುವೆ ಹೊಳೆ ತಣ್ಣಗಾಗುವ ಜಾಗಗಳಿವೆ. ಎಲ್ಲರೂ ಹುಟ್ಟು ಎತ್ತಿಕೊಂಡು ಕೂತಾಗ ಎರಡೂ ದಡದ ಕಾಡು ನೀರಿನವರೆಗೆ ಬಾಗಿರುತ್ತದೆ, ಹುಟ್ಟಿನಿಂದ ತೊಟ್ಟಿಕ್ಕುವ ಹನಿಯ ಸದ್ದು ಕೇಳುತ್ತದೆ. ತಲಕಾಡಿನಲ್ಲಿ ಹರಿಗೋಲು ಹತ್ತಿ ಬಲ್ಲವರಿಗೆ ಆ ಕ್ಷಣ ಗುರುತಿನದು ಅನ್ನಿಸುತ್ತದೆ. ಗೈಡಿಗೆ ಹೇಳಿ ಅಲ್ಲಿ ಎರಡು ನಿಮಿಷ ನಿಲ್ಲಿಸಿ.

ಗುರುವಾರ ಬೆಳಿಗ್ಗೆ ಮತ್ತು ಹೆಚ್ಚುವರಿ ದಿನ ಇದ್ದರೆ

ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ. ಈಗ ಹಕ್ಕಿ ನೋಡುವವರ ತಂಗುದಾಣ. ಅಲ್ಲಿ ನೀರಿನ ತೊಟ್ಟಿಗಳನ್ನಿಟ್ಟಿದ್ದಾರೆ. ಹಕ್ಕಿಗಳು ಕುಡಿಯಲು, ಮೀಯಲು ಬರುತ್ತವೆ; ನಾವು ಕುರ್ಚಿಯಲ್ಲಿ ಅಲುಗಾಡದೆ ಕೂತರೆ ಕೈಯಳತೆಯಲ್ಲೇ ನೋಡಬಹುದು. ಮಂಡಿನೋವಿನ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನಮ್ಮ ಅತ್ತೆ, ಅರವತ್ತೆಂಟು ವಯಸ್ಸು, ಕೆಂಪು ಗಂಟಲಿನ ಪಿಕಳಾರವೊಂದು ನೀರಲ್ಲಿ ಮುಳುಗೆದ್ದು ಪುಕ್ಕ ಕೊಡವಿದ್ದನ್ನು ನೋಡಿ, ಊರಿಗೆ ಬಂದ ಮೇಲೆ ಬಾಲ್ಕನಿಯಲ್ಲಿ ಮಣ್ಣಿನ ತಟ್ಟೆಗೆ ನೀರಿಡಲು ಶುರುಮಾಡಿದರು.

ಇನ್ನೊಂದು ದಿನ ಕೈಯಲ್ಲಿದ್ದರೆ ಉಳವಿಗೆ ಕೊಡಿ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಗಲಭೆಯ ನಂತರ ಶರಣರ ಗುಂಪು ವಚನದ ಕಟ್ಟುಗಳನ್ನು ಉಳಿಸಿಕೊಂಡು ಈ ಕಾಡಿಗೆ ಬಂತು ಎಂಬುದು ಪರಂಪರೆಯ ನಂಬಿಕೆ. ಚನ್ನಬಸವಣ್ಣನ ಸಮಾಧಿ ಇರುವುದು ಅಲ್ಲಿ. ಮಾಘ ಮಾಸದ ಭಾರತ ಹುಣ್ಣಿಮೆಯ ಹೊತ್ತಿಗೆ ಜಾತ್ರೆ. ಬೆಳಗಾವಿ, ಧಾರವಾಡ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಾರೆ. ಸಿಂಥೇರಿ ರಾಕ್ಸ್ ಎಂಬ ಸುಮಾರು 300 ಅಡಿ ಎತ್ತರದ ಬಂಡೆಯನ್ನೂ ಅದೇ ದಿನ ನೋಡಬಹುದು. ಮೆಟ್ಟಿಲಿಳಿದು ಕಾನೇರಿ ಹೊಳೆಯ ಅಂಚಿನಲ್ಲಿ ನಿಂತು ತಲೆಯೆತ್ತಿದರೆ ಕುತ್ತಿಗೆ ನೋಯುತ್ತದೆ. ಬಂಡೆಯಲ್ಲಿ ಹೆಜ್ಜೇನಿನ ಹುಟ್ಟಿಗಳಿವೆ. ಕೂಗು, ಸುಗಂಧ, ಹೊಗೆ ಮೂರೂ ಬೇಡ. ನೀರಿಗೂ ಇಳಿಯಬೇಡಿ.

ಕವಳಾ ಗುಹೆಗೆ ಕಾಡಿನೊಳಗಿನ ಹಾದಿ, ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಹೊರಡಿ. ಒಳಗೆ ಸುಣ್ಣದ ನೀರು ತೊಟ್ಟಿಕ್ಕಿ ತಾನಾಗಿ ಬೆಳೆದ ಲಿಂಗವಿದೆ, ಶಿವರಾತ್ರಿಗೆ ಸುತ್ತಲ ಊರಿನವರು ಸೇರುತ್ತಾರೆ.

ಜೋಯಿಡಾ ಕಡೆಯ ಹೋಂಸ್ಟೇಯಲ್ಲಿದ್ದರೆ ಅಲ್ಲಿಯ ಕುಣಬಿ ಸಮುದಾಯದವರ ಗಡ್ಡೆಗೆಣಸಿನ ಅಡುಗೆ ಮಾಡಿಕೊಡುತ್ತೀರಾ ಎಂದು ಮುಂಚೆಯೇ ಕೇಳಿ. ನಮಗೆ ಗೊತ್ತಿರುವ ಸಿಹಿಗೆಣಸು, ಕೆಸುವಿನ ಗಡ್ಡೆ ದಾಟಿ ಹತ್ತಾರು ಬಗೆ ಅವರ ಹಿತ್ತಲಲ್ಲಿವೆ. ಬೇಯಿಸಿ ಉಪ್ಪು ಹಾಕಿಟ್ಟ ಒಂದು ಗಡ್ಡೆಯನ್ನು ಒಲೆಯ ಮುಂದೆ ಕೂತು ತಿಂದದ್ದು ಯಾವ ರೆಸಾರ್ಟಿನ ಬಫೆಗೂ ಸಮನಲ್ಲ.

ಹೊರಡುವ ದಿನ, ಮತ್ತು ಮನೆಗೆ ಬಂದ ಮೇಲೆ

ಗುರುವಾರ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಹೊರಟು ಸಂಜೆಗೆ ಧಾರವಾಡ ಸೇರಿ. ಗಿರ್ಮಿಟ್, ಮಿರ್ಚಿ ತಿಂದು, ಪೇಢೆ ಕಟ್ಟಿಸಿಕೊಂಡು, ರಾತ್ರಿಯ ರೈಲಿಗೆ ನೆಮ್ಮದಿಯಾಗಿ ಕಾಯುವಷ್ಟು ಹೊತ್ತು ಉಳಿಯಬೇಕು.

ಮನೆ ಸೇರಿದ ದಿನವೇ ಎಲ್ಲರೂ ಬಿಸಿನೀರಿನಲ್ಲಿ ಮಿಂದು ಮೈ ನೋಡಿಕೊಳ್ಳಿ: ಕಂಕುಳು, ಕಿವಿಯ ಹಿಂದೆ, ಸೊಂಟದ ಪಟ್ಟಿಯ ಜಾಗ, ಮಂಡಿಯ ಹಿಂಭಾಗ. ಮಕ್ಕಳದ್ದನ್ನು ನೀವೇ ನೋಡಿ. ಸಾಸಿವೆ ಕಾಳಿನಷ್ಟು ಉಣ್ಣೆ ಕಚ್ಚಿಕೊಂಡಿದ್ದರೆ ಕೈಯಿಂದ ಹಿಸುಕಬೇಡಿ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಆ ಜಾಗ ಸೋಪಿನಿಂದ ತೊಳೆಯಿರಿ. ಉತ್ತರ ಕನ್ನಡ, ಶಿವಮೊಗ್ಗದ ಕಾಡಂಚಿನಲ್ಲಿ ಮಂಗನ ಕಾಯಿಲೆ ಹರಡುವುದು ಈ ಉಣ್ಣೆಗಳಿಂದಲೇ, ಅದೂ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚು. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅಲ್ಲಿಯ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಬಂದ ಎರಡು ವಾರದೊಳಗೆ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ವೈದ್ಯರ ಹತ್ತಿರ ಹೋಗಿ. ನೀವು ಕಾಡಿಗೆ ಹೋಗಿ ಬಂದದ್ದು ಮೈಸೂರಿನ ವೈದ್ಯರಿಗೆ ತಾನಾಗಿ ತಿಳಿಯುವುದಿಲ್ಲ. ಒಳಗೆ ಹೋದ ಕೂಡಲೇ "ಹೋದ ವಾರ ದಾಂಡೇಲಿ ಕಾಡಿಗೆ ಹೋಗಿದ್ದೆ" ಎಂದು ನೀವೇ ಮೊದಲು ಹೇಳಿ.